ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸ್ ಆರಿಸುವುದು: ಪೂರ್ವಾರ್ಹತೆಯ ಸರಪಳಿಯನ್ನು ಕೊನೆಯಿಂದ ಓದುವ ಕ್ರಮ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ಹೊತ್ತಿಗೆ ಕಮ್ಯುನಿಟಿ ಕಾಲೇಜಿನ, ಅಂದರೆ ಪದವಿಯ ಮೊದಲ ಎರಡು ವರ್ಷಗಳ ಓದನ್ನು ನೀಡುವ ಸಾರ್ವಜನಿಕ ಕಾಲೇಜಿನ, ಮೆಟ್ಟಿಲು ಹತ್ತುತ್ತಾರೆ. ಎಚ್-1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಬಂದ ಗೃಹಿಣಿ, ಹೈಸ್ಕೂಲು ಮುಗಿಸಿದ ಮಗ, ಊರಿನಲ್ಲಿ ಬಿ.ಕಾಂ. ಮಾಡಿ ಇಲ್ಲಿ ಬೇರೆ ಕ್ಷೇತ್ರಕ್ಕೆ ಹೊರಳಬಯಸುವ ಅಳಿಯ, ಹೀಗೆ ಬರುವವರ ಉದ್ದೇಶಗಳು ಬೇರೆ ಬೇರೆ. ಆದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕೋರ್ಸ್ ತೆಗೆದುಕೊಳ್ಳಲಿ? ಹತ್ತು ವರ್ಷಗಳಿಂದ ಹೊಸಬರಿಗೆ ಈ ವಿಷಯದಲ್ಲಿ ಕೈಲಾದ ನೆರವು ನೀಡುತ್ತ ಬಂದಿರುವ ನನಗೆ, ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ ಎಂಬುದು ಮನದಟ್ಟಾಗಿದೆ. ನಾನು ಕೊನೆಗೆ ತಲುಪಬೇಕಾದ ಕೋರ್ಸ್ ಯಾವುದು, ಮತ್ತು ಅದರೊಳಗೆ ಕಾಲಿಡುವ ಮೊದಲು ಏನೇನು ಮುಗಿದಿರಬೇಕು ಎಂಬುದೇ ಆ ಪ್ರಶ್ನೆ.

ಕರ್ನಾಟಕದಲ್ಲಿ ಓದಿ ಬಂದವರಿಗೆ ಈ ಪ್ರಶ್ನೆ ತಾನಾಗಿ ಹೊಳೆಯದಿರುವುದಕ್ಕೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ನಾವು ಪಿಸಿಎಂಬಿ ಎಂದೋ ಕಾಮರ್ಸ್ ಎಂದೋ ಒಂದು ದಾರಿ ಹಿಡಿಯುತ್ತೇವೆ. ಅಲ್ಲಿಂದ ಮುಂದೆ ಯಾವ ವಿಷಯದ ನಂತರ ಯಾವ ವಿಷಯ ಎಂಬುದನ್ನು ಮಂಡಳಿಯೋ ವಿಶ್ವವಿದ್ಯಾಲಯವೋ ನಿರ್ಧರಿಸಿರುತ್ತದೆ. ಮೂರನೆಯ ಸೆಮಿಸ್ಟರಿನ ವೇಳಾಪಟ್ಟಿಯನ್ನು ನಾವು ಕಟ್ಟುವುದಿಲ್ಲ, ಅದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿರುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಂದು ಕೋರ್ಸಿಗೂ ಅದರದೇ ಆದ ಬಾಗಿಲು, ಬಾಗಿಲಿಗೆ ಅದರದೇ ಆದ ಬೀಗ. ಆ ಬೀಗಕ್ಕೆ ಇಲ್ಲಿಯವರು ಪ್ರೀರಿಕ್ವಿಸಿಟ್ ಎನ್ನುತ್ತಾರೆ. ಈ ಬರಹದಲ್ಲಿ ನಾನು ಅದನ್ನು ಪೂರ್ವಾರ್ಹತೆ ಎಂದು ಕರೆಯುತ್ತೇನೆ.

ನಾನು ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾಕ್ಕೆ ಸಂಬಂಧಿಸಿದ್ದು. ಈ ರಾಜ್ಯದಲ್ಲಿ 116 ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಿವೆ. ಕ್ಯುಪರ್ಟಿನೊದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸಾಂಟಾ ಕ್ಲಾರಾದ ಮಿಷನ್, ಸಾರಟೋಗಾದ ವೆಸ್ಟ್ ವ್ಯಾಲಿ, ಫ್ರೀಮಾಂಟ್‌ನ ಓಲೋನಿ ನಮ್ಮವರು ಹೆಚ್ಚಾಗಿ ಹೋಗುವ ಕಾಲೇಜುಗಳು. ಇವುಗಳಲ್ಲಿ ಡಿ ಆಂಜಾ ಮತ್ತು ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿ; ಉಳಿದವು ವರ್ಷಕ್ಕೆ ಎರಡು ಅವಧಿಯ ಸೆಮಿಸ್ಟರ್ ಪದ್ಧತಿಯವು. ಈ ವ್ಯತ್ಯಾಸ ಈಗ ಸಣ್ಣದೆಂದು ತೋರಿದರೂ ಮುಂದೆ ಅದರ ಪರಿಣಾಮ ದೊಡ್ಡದು.

ಕ್ಯಾಟಲಾಗಿನ ಒಂದು ನಮೂದನ್ನು ಓದುವುದು

ಮೊದಲು ಕಾಲೇಜಿನ ಎಲ್ಲ ಕೋರ್ಸುಗಳ ವಿವರವಿರುವ ಕ್ಯಾಟಲಾಗನ್ನು ತೆರೆದು, ರಸಾಯನಶಾಸ್ತ್ರದ ಮೊದಲ ಮುಖ್ಯ ಕೋರ್ಸನ್ನು ಹುಡುಕಿ. ಎಂಜಿನಿಯರಿಂಗ್, ಜೀವಶಾಸ್ತ್ರ, ಫಾರ್ಮಸಿ ಎಂದು ಹೊರಟವರೆಲ್ಲರೂ ಇದನ್ನು ಹಾದುಹೋಗಬೇಕಾಗುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಕೋರ್ಸಿನ ಹೆಸರಿನ ಕೆಳಗೆ ನಾಲ್ಕೈದು ಸಣ್ಣ ಸಾಲುಗಳಿರುತ್ತವೆ. ಬಹಳ ಮಂದಿ ಅವನ್ನು ದಾಟಿ ನೇರವಾಗಿ ಪಾಠದ ವಿವರಣೆಗೆ ಹೋಗುತ್ತಾರೆ. ನಿಮ್ಮ ಒಂದು ವರ್ಷ ಉಳಿಯುವುದೋ ಹೋಗುವುದೋ ಎಂಬುದು ಆ ಸಣ್ಣ ಸಾಲುಗಳಲ್ಲೇ ಇದೆ.

ಮೊದಲನೆಯದು ಯೂನಿಟ್ಟುಗಳ, ಅಂದರೆ ಕೋರ್ಸಿಗೆ ಸಿಗುವ ಕ್ರೆಡಿಟ್ಟುಗಳ, ಸಂಖ್ಯೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಕ್ವಾರ್ಟರ್ ಯೂನಿಟ್ಟಿಗೆ 31 ಡಾಲರ್ ಶುಲ್ಕ. 2012ರ ಬೇಸಿಗೆಯಿಂದ ಇದೇ ದರ ನಡೆದುಬಂದಿದೆ. ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಒಂದೂವರೆ ಕ್ವಾರ್ಟರ್ ಯೂನಿಟ್ ಎಂದು ಲೆಕ್ಕ. ಅದರ ಪಕ್ಕದಲ್ಲೇ ವಾರಕ್ಕೆ ಎಷ್ಟು ಗಂಟೆ ಉಪನ್ಯಾಸ, ಎಷ್ಟು ಗಂಟೆ ಪ್ರಯೋಗಾಲಯ ಎಂದು ಬರೆದಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಯೂನಿಟ್ಟಿಗಿಂತ ಮೊದಲು ಈ ಗಂಟೆಗಳನ್ನು ನೋಡಬೇಕು, ಏಕೆಂದರೆ ಪ್ರಯೋಗಾಲಯದ ಮೂರು ಗಂಟೆಗೆ ಉಪನ್ಯಾಸದಷ್ಟು ಯೂನಿಟ್ ಸಿಗುವುದಿಲ್ಲ, ಆದರೆ ಮಗುವನ್ನು ಬಿಟ್ಟು ಹೋಗಬೇಕಾದ ಸಮಯ ಅಷ್ಟೇ ಇರುತ್ತದೆ.

ಎರಡನೆಯ ಸಾಲಿನಲ್ಲಿ ಪೂರ್ವಾರ್ಹತೆ. ರಸಾಯನಶಾಸ್ತ್ರದ ಪರಿಚಯ ಕೋರ್ಸನ್ನು ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡಿನಲ್ಲಿ ಮುಗಿಸಿರಬೇಕು, ಇಲ್ಲವೇ ಯಾವ ಹಂತದ ಕೋರ್ಸಿಗೆ ಸೇರಬಹುದೆಂದು ತಿಳಿಸುವ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ತಕ್ಕ ಅಂಕ ಪಡೆದಿರಬೇಕು ಎಂಬರ್ಥದ ವಾಕ್ಯ ಅಲ್ಲಿರುತ್ತದೆ. ಇದರಲ್ಲಿ ಸಿ ಎಂಬ ಒಂದಕ್ಷರ ಬಹಳ ತೂಕದ್ದು. ಡಿ ಬಂದರೆ ಯೂನಿಟ್ ದೊರೆಯುತ್ತದೆ, ಆದರೆ ಬೀಗ ತೆರೆಯುವುದಿಲ್ಲ. ಊರಿನಲ್ಲಿ ಜಸ್ಟ್ ಪಾಸ್ ಆದರೂ ಮುಂದಿನ ಸೆಮಿಸ್ಟರಿಗೆ ಹೋಗುವ ಅಭ್ಯಾಸವಿದ್ದವರು ಇದನ್ನು ಮೊದಲೇ ತಿಳಿದಿರಬೇಕು.

ಮೂರನೆಯದು ಕೋರಿಕ್ವಿಸಿಟ್, ಅಂದರೆ ಜೊತೆಯಲ್ಲೇ ತೆಗೆದುಕೊಳ್ಳಬೇಕಾದದ್ದು. ಭೌತಶಾಸ್ತ್ರದ ಮೊದಲ ಭಾಗವನ್ನು ಓದುವಾಗಲೇ ಕ್ಯಾಲ್ಕುಲಸ್‌ನ ಒಂದು ಭಾಗವನ್ನೂ ಓದುತ್ತಿರಬೇಕು ಎನ್ನುವಂಥ ಷರತ್ತು ಇದು. ಇಂಥ ಕಡೆ ಅರ್ಧದಲ್ಲಿ ಕ್ಯಾಲ್ಕುಲಸ್ ಬಿಟ್ಟರೆ ಭೌತಶಾಸ್ತ್ರವನ್ನೂ ಬಿಡಬೇಕಾಗಿ ಬರಬಹುದು. ನಾಲ್ಕನೆಯದು ಅಡ್ವೈಸರಿ, ಬರೀ ಸಲಹೆ. ಇದನ್ನು ಪಾಲಿಸದಿದ್ದರೂ ಕಂಪ್ಯೂಟರು ನಿಮ್ಮನ್ನು ತಡೆಯುವುದಿಲ್ಲ. ಆದರೂ ಇಂಗ್ಲಿಷ್ ಬರವಣಿಗೆಯ ಅಡ್ವೈಸರಿ ಇದ್ದ ಇತಿಹಾಸದ ಕೋರ್ಸಿಗೆ ಅದಿಲ್ಲದೆ ಹೋದರೆ, ವಾರಕ್ಕೊಂದರಂತೆ ಬರೆಯಬೇಕಾದ ಪ್ರಬಂಧಗಳು ಉಸಿರುಗಟ್ಟಿಸುತ್ತವೆ. ಹಾಗೆ ಹೋಗಿ ಮೂರನೆಯ ವಾರಕ್ಕೇ ಬಿಟ್ಟುಬಂದವರನ್ನು ನಾನು ಬಲ್ಲೆ. ಕೊನೆಯ ಸಾಲು ಯುಸಿ, ಸಿಎಸ್‌ಯು ಎಂದು ಹೇಳುತ್ತದೆ: ಈ ಕೋರ್ಸಿನ ಯೂನಿಟ್ಟುಗಳನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಒಪ್ಪುತ್ತದೆಯೇ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಒಪ್ಪುತ್ತದೆಯೇ ಎಂಬ ಮಾಹಿತಿ. ಯೂನಿಟ್ ಒಪ್ಪುವುದು ಬೇರೆ, ನಿಮ್ಮ ಮೇಜರಿಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಅದು ಸಲ್ಲುವುದು ಬೇರೆ. ಎರಡನೆಯದನ್ನು ನೋಡಲು ಅಸಿಸ್ಟ್ ಎಂಬ ರಾಜ್ಯದ ಅಧಿಕೃತ ತಾಣವಿದೆ. ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಮೇಜರ್ ಈ ಮೂರನ್ನೂ ಆರಿಸಿದರೆ ಅಲ್ಲಿಯ ಯಾವ ಕೋರ್ಸಿಗೆ ಇಲ್ಲಿಯ ಯಾವುದು ಸಮ ಎಂಬ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಳ್ಳಿ.

ಕೋರ್ಸ್ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. 2021ರ ಕಾನೂನಿನಂತೆ ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದೇ ಕೋರ್ಸಿಗೆ ಒಂದೇ ಸಂಖ್ಯೆ ಕೊಡುವ ಕೆಲಸ ನಡೆದಿದ್ದು, 2025ರಿಂದ ಮೊದಲ ಕಂತಿನ ಕೋರ್ಸುಗಳು ಸಿ1000 ಎಂಬಂಥ ಹೊಸ ಸಂಖ್ಯೆಗಳಲ್ಲಿ ಕಾಣಿಸಿಕೊಂಡಿವೆ. ಆದುದರಿಂದ ಹಿಂದೆ ಓದಿದ ಗೆಳತಿ ಬರೆದುಕೊಟ್ಟ ಚೀಟಿಯಲ್ಲಿರುವ ಸಂಖ್ಯೆ ಈಗ ಸಿಗದಿದ್ದರೆ ಗಾಬರಿಪಡಬೇಕಿಲ್ಲ. ಕೋರ್ಸಿನ ಹೆಸರಿನಿಂದ ಹುಡುಕಬೇಕು.

ಸರಪಳಿಯನ್ನು ಹಿಂದಿನಿಂದ ಕಟ್ಟುವುದು

ಈಗ ನಿಜವಾದ ಕೆಲಸ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲು, ಒಂದು ರಬ್ಬರು ತೆಗೆದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂರಿ. ಹಾಳೆಯ ಬಲತುದಿಯಲ್ಲಿ ನೀವು ತಲುಪಬೇಕಾದದ್ದನ್ನು ಬರೆಯಿರಿ. ಅದರ ಎಡಕ್ಕೆ ಅದಕ್ಕೆ ಬೇಕಾದದ್ದು, ಅದರ ಎಡಕ್ಕೆ ಅದಕ್ಕೆ ಬೇಕಾದದ್ದು, ಹೀಗೆ ಪೂರ್ವಾರ್ಹತೆಯೇ ಇಲ್ಲದ ಕೋರ್ಸ್ ಸಿಗುವ ತನಕ ಹಿಂದೆ ಹಿಂದೆ ಬನ್ನಿ. ಆ ಕೋರ್ಸೇ ನಿಮ್ಮ ಮೊದಲ ಕೋರ್ಸು.

ಹೈಸ್ಕೂಲು ಮುಗಿಸಿದ ಹುಡುಗನೊಬ್ಬ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಯುಸಿಗೆ ವರ್ಗವಾಗಬೇಕು ಎಂದುಕೊಳ್ಳೋಣ. ಗಣಿತದ ಸಾಲನ್ನು ಮಾತ್ರ ನೋಡೋಣ. ಬಲತುದಿಯಲ್ಲಿ ಲೀನಿಯರ್ ಆಲ್ಜೀಬ್ರಾ ಮತ್ತು ಡಿಫರೆನ್ಶಿಯಲ್ ಇಕ್ವೇಶನ್ಸ್. ಅವುಗಳ ಎಡಕ್ಕೆ ಕ್ಯಾಲ್ಕುಲಸ್. ಕ್ವಾರ್ಟರ್ ಪದ್ಧತಿಯಲ್ಲಿ ಅದು ನಾಲ್ಕು ತುಂಡು, ಒಂದು ಮುಗಿಯದೆ ಇನ್ನೊಂದು ಇಲ್ಲ. ಬೇಸಿಗೆಯನ್ನು ಬಿಟ್ಟರೆ ವರ್ಷಕ್ಕೆ ಮೂರು ಕ್ವಾರ್ಟರು, ಎರಡು ವರ್ಷಕ್ಕೆ ಆರು. ನಾಲ್ಕು ಕ್ಯಾಲ್ಕುಲಸ್, ಎರಡು ಮುಂದಿನವು, ಒಟ್ಟು ಆರು. ಒಂದೊಂದಾಗಿ ಹೋದರೆ ಒಂದೇ ಒಂದು ಕ್ವಾರ್ಟರಿನ ಬಿಡುವೂ ಇಲ್ಲ. ಹುಡುಗ ಕ್ಯಾಲ್ಕುಲಸ್ ಬದಲು ಪ್ರೀ-ಕ್ಯಾಲ್ಕುಲಸ್‌ನಿಂದ ಆರಂಭಿಸಿದರೆ, ಅಥವಾ ಮೂರನೆಯ ಭಾಗದಲ್ಲಿ ಡಿ ಬಂದರೆ, ಬೇಸಿಗೆ ತರಗತಿಯಲ್ಲಿ ಅದನ್ನು ತುಂಬಿಕೊಳ್ಳಬೇಕು ಇಲ್ಲವೇ ಕೊನೆಯ ಎರಡನ್ನು ಒಟ್ಟಿಗೆ ಹೊರಬೇಕು. ಇದರ ಕೆಳಗಿನ ಸಾಲಿನಲ್ಲಿ ಭೌತಶಾಸ್ತ್ರ ಕುಳಿತಿದೆ, ಅದು ಕ್ಯಾಲ್ಕುಲಸ್‌ಗೆ ಕಟ್ಟಿಹಾಕಿಕೊಂಡಿದೆ. ಅದರ ಕೆಳಗೆ ಸ್ಟ್ಯಾಟಿಕ್ಸ್, ಅದು ಭೌತಶಾಸ್ತ್ರಕ್ಕೆ ಕಟ್ಟಿಹಾಕಿಕೊಂಡಿದೆ. ಮೇಲಿನ ಸಾಲಿನಲ್ಲಿ ಒಂದು ಮನೆ ಜಾರಿದರೆ ಕೆಳಗಿನವೆಲ್ಲ ಜೊತೆಗೆ ಜಾರುತ್ತವೆ. ಈ ಚಿತ್ರವನ್ನು ಹಾಳೆಯ ಮೇಲೆ ಕಣ್ಣಾರೆ ಕಂಡ ಮೇಲೆ, ಮೊದಲ ಕ್ವಾರ್ಟರಿನಲ್ಲಿ ಯಾವ ಕೋರ್ಸ್ ಎಂದು ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ.

ಹಾಳೆಯ ಮೇಲೆ ಇನ್ನೊಂದು ವಿಷಯವನ್ನು ಪೆನ್ಸಿಲಿನಿಂದ ಗುರುತು ಮಾಡಬೇಕು: ಯಾವ ಕೋರ್ಸ್ ಯಾವ ಋತುವಿನಲ್ಲಿ ನಡೆಯುತ್ತದೆ ಎಂಬುದು. ಬೇಡಿಕೆ ಹೆಚ್ಚಿರುವ ಮೊದಲ ಹಂತದ ಕೋರ್ಸುಗಳು ಪ್ರತಿ ಅವಧಿಯಲ್ಲೂ ಇರುತ್ತವೆ, ಆದರೆ ಸರಪಳಿಯ ಕೊನೆಯ ಕೊಂಡಿಗಳು ಅನೇಕ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ. ಕ್ಯಾಟಲಾಗ್ ಇದನ್ನು ಹೇಳದಿರಬಹುದು. ಕಳೆದ ಎರಡು ವರ್ಷಗಳ ತರಗತಿ ವೇಳಾಪಟ್ಟಿಗಳನ್ನು ತೆರೆದು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಾಳೆ ಸಿದ್ಧವಾದ ಮೇಲೆ ಕೌನ್ಸೆಲರ್ ಬಳಿಗೆ ಹೋಗಿ. ಖಾಲಿ ಕೈಯಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಅವರು ಸಾಮಾನ್ಯ ಸಲಹೆಯನ್ನಷ್ಟೇ ಕೊಡಬಲ್ಲರು. ಹಾಳೆ ಹಿಡಿದು ಹೋದರೆ ಅದೇ ಅರ್ಧ ಗಂಟೆಯಲ್ಲಿ ನಿಮ್ಮ ತಪ್ಪುಗಳನ್ನು ತಿದ್ದಿಕೊಡುತ್ತಾರೆ. ಅವರು ಮಾಡಿಕೊಡುವ ಶಿಕ್ಷಣ ಯೋಜನೆಗೆ ಇಲ್ಲಿ ಎಡ್ ಪ್ಲಾನ್ ಎನ್ನುತ್ತಾರೆ. ಹೊಸ ವಿದ್ಯಾರ್ಥಿಗಳು ಓರಿಯೆಂಟೇಶನ್, ಪ್ಲೇಸ್‌ಮೆಂಟ್, ಎಡ್ ಪ್ಲಾನ್ ಈ ಮೂರನ್ನೂ ಮುಗಿಸಿದ್ದರೆ ನೋಂದಣಿಯಲ್ಲಿ ಆದ್ಯತೆ ಸಿಗುತ್ತದೆ, ಮತ್ತು ಸೀಟು ಬೇಗ ತುಂಬುವ ವಿಜ್ಞಾನದ ಪ್ರಯೋಗಾಲಯಗಳಲ್ಲಿ ಒಂದು ದಿನದ ಆದ್ಯತೆಯೂ ದೊಡ್ಡದೇ.

ಊರಿನ ಓದು ಇಲ್ಲಿ ಬೀಗ ತೆರೆಯುವಂತೆ ಮಾಡುವುದು

ನಮ್ಮವರು ಹೆಚ್ಚು ಎಡವುವುದು ಇಲ್ಲಿ. ಪದವಿಯಲ್ಲಿ ಮೂರು ವರ್ಷ ಗಣಿತ ಓದಿದವರೂ ನೋಂದಣಿಯ ದಿನ ಗುಂಡಿ ಒತ್ತಿದರೆ, ಪರದೆಯ ಮೇಲೆ ಪೂರ್ವಾರ್ಹತೆ ಪೂರೈಸಿಲ್ಲ ಎಂಬ ಕೆಂಪು ಸಾಲು ಬರುತ್ತದೆ. ಕಾಲೇಜಿನ ಕಂಪ್ಯೂಟರಿಗೆ ಧಾರವಾಡವೂ ಗೊತ್ತಿಲ್ಲ, ಮೈಸೂರೂ ಗೊತ್ತಿಲ್ಲ. ತನ್ನಲ್ಲಿ ದಾಖಲಾಗಿರುವ ಗ್ರೇಡುಗಳನ್ನಷ್ಟೇ ಅದು ನೋಡುತ್ತದೆ. ಹೊರಗಿನ ಓದನ್ನು ಮನುಷ್ಯರು ಪರಿಶೀಲಿಸಿ ದಾಖಲಿಸಬೇಕು. ಈ ಕ್ರಮಕ್ಕೆ ಪ್ರೀರಿಕ್ವಿಸಿಟ್ ಕ್ಲಿಯರೆನ್ಸ್ ಎಂದು ಹೆಸರು.

ನನ್ನ ಒಂದು ವರ್ಷ ಹೋದದ್ದು ಹೀಗೆಯೇ. ಬಿ.ಎಸ್ಸಿ. ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ಫಾಲ್ ಎಂಬ ಶರತ್ಕಾಲದ ಅವಧಿಗೆ ಇನ್ನು ಮೂರು ವಾರ ಇರುವಾಗ ಇಲ್ಲಿಯ ಒಂದು ಕಾಲೇಜಿಗೆ ಕಳುಹಿಸಿದೆ. ಅಂಕಪಟ್ಟಿಯಲ್ಲಿ ಇದ್ದದ್ದು ಗಣಿತ ಪತ್ರಿಕೆ ಒಂದು, ಗಣಿತ ಪತ್ರಿಕೆ ಎರಡು ಎಂಬ ಹೆಸರುಗಳು ಮತ್ತು ಅಂಕಗಳು ಮಾತ್ರ. ಪತ್ರಿಕೆ ಒಂದರಲ್ಲಿ ಏನು ಪಾಠ ಮಾಡಿದ್ದರು, ಇಂಟಿಗ್ರೇಶನ್ ಇತ್ತೇ, ಎಷ್ಟು ಗಂಟೆ ಪಾಠವಾಗಿತ್ತು ಎಂದು ಗಣಿತ ವಿಭಾಗದವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಶಿವಮೊಗ್ಗದಲ್ಲಿದ್ದ ನನ್ನ ತಂದೆ ನಾಲ್ಕು ದಿನ ಓಡಾಡಿ, ಹಳೆಯ ಪಠ್ಯಕ್ರಮದ ಪುಸ್ತಕದಿಂದ ಆ ಹನ್ನೊಂದು ಪುಟಗಳನ್ನು ಜೆರಾಕ್ಸ್ ಮಾಡಿಸಿ, ಪ್ರತಿ ಪುಟಕ್ಕೂ ಮೊಹರು ಹಾಕಿಸಿ ಕಳುಹಿಸಿದರು. ಅವು ಕೈಸೇರುವ ಹೊತ್ತಿಗೆ ತರಗತಿ ಆರಂಭವಾಗಿ ಎರಡು ವಾರ ಕಳೆದಿತ್ತು, ಮತ್ತು ನನಗೆ ಬೇಕಾಗಿದ್ದ ಕೋರ್ಸ್ ಫಾಲ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಆ ಹನ್ನೊಂದು ಪುಟಗಳು ಈಗಲೂ ನನ್ನ ಬಳಿ ಇವೆ, ಆ ನೇರಳೆ ಮೊಹರು ಇನ್ನೂ ಮಾಸಿಲ್ಲ.

ಆದುದರಿಂದ ಊರಿನಿಂದ ಹೊರಡುವ ಮೊದಲೇ ಮಾಡಬೇಕಾದ ಕೆಲಸಗಳಿವೆ. ವಿಶ್ವವಿದ್ಯಾಲಯದಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಮೊಹರು ಮಾಡಿದ ಲಕೋಟೆಗಳಲ್ಲಿ ಮೂರು ನಾಲ್ಕು ಪ್ರತಿ ತೆಗೆದುಕೊಳ್ಳಿ. ಲಕೋಟೆಯನ್ನು ನೀವೇ ಒಡೆದರೆ ಅದು ಅಧಿಕೃತವಲ್ಲ. ನೀವು ಓದಿದ ವರ್ಷದ ಪಠ್ಯಕ್ರಮದ ಪುಟಗಳನ್ನು ಕಾಲೇಜಿನ ಮೊಹರಿನೊಂದಿಗೆ ತನ್ನಿ. ಈಗ ಜಾಲತಾಣದಲ್ಲಿರುವ ಪಠ್ಯಕ್ರಮ ನಿಮ್ಮ ಕಾಲದ್ದಾಗಿರದಿರಬಹುದು, ಎಂಜಿನಿಯರಿಂಗ್ ಓದಿದವರು ಸ್ಕೀಮಿನ ವರ್ಷವನ್ನು ನೋಡಿಯೇ ತೆಗೆದುಕೊಳ್ಳಬೇಕು. ಇಲ್ಲಿಗೆ ಬಂದ ಮೇಲೆ ವಿದೇಶೀ ಪದವಿಗಳನ್ನು ಅಳೆಯುವ ಖಾಸಗಿ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ಸಾಮಾನ್ಯವಾಗಿ ಕಾಲೇಜುಗಳು ನೇಸಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಗಳ ವರದಿಯನ್ನು ಒಪ್ಪುತ್ತವೆ. ನಮ್ಮವರು ಡಬ್ಲ್ಯುಇಎಸ್ ಎಂದು ಕರೆಯುವ ಸಂಸ್ಥೆ ಅದರಲ್ಲಿ ಒಂದು. ವರದಿ ಮಾಡಿಸುವಾಗ ಕೋರ್ಸ್-ಬೈ-ಕೋರ್ಸ್ ಎಂಬ ಬಗೆಯನ್ನೇ ಕೇಳಿ. ಪದವಿ ಸಮಾನವೇ ಎಂದಷ್ಟೇ ಹೇಳುವ ಅಗ್ಗದ ವರದಿ ಪೂರ್ವಾರ್ಹತೆಗೆ ಏನೇನೂ ಉಪಯೋಗವಿಲ್ಲ.

ಪಿಯುಸಿ ಓದನ್ನು ಇಲ್ಲಿ ಹೈಸ್ಕೂಲು ಮಟ್ಟವೆಂದೇ ಪರಿಗಣಿಸುತ್ತಾರೆ. ದ್ವಿತೀಯ ಪಿಯುಸಿಯಲ್ಲಿ ಇಂಟಿಗ್ರೇಶನ್ ಮಾಡಿದ್ದರೂ ಅದಕ್ಕೆ ಕಾಲೇಜಿನ ಕ್ಯಾಲ್ಕುಲಸ್ ಎಂಬ ಮಾನ್ಯತೆ ಸಿಗುವುದಿಲ್ಲ. ಆದರೆ ಅದು ವ್ಯರ್ಥವೂ ಅಲ್ಲ. 2017ರಲ್ಲಿ ಅಂಗೀಕಾರವಾಗಿ 2019ರ ಫಾಲ್‌ನಿಂದ ಪೂರ್ಣವಾಗಿ ಜಾರಿಗೆ ಬಂದ ಎಬಿ 705 ಎಂಬ ಕಾನೂನಿನ ನಂತರ, ಗಣಿತ ಮತ್ತು ಇಂಗ್ಲಿಷಿನಲ್ಲಿ ವಿದ್ಯಾರ್ಥಿಗಳನ್ನು ಹೈಸ್ಕೂಲಿನ ಓದು ಮತ್ತು ಗ್ರೇಡುಗಳ ಆಧಾರದ ಮೇಲೆ ಸೇರಿಸಿಕೊಳ್ಳುತ್ತಾರೆ. ಹಿಂದಿನಂತೆ ಒಂದು ಪರೀಕ್ಷೆ ಬರೆಸಿ, ಯೂನಿಟ್ ಸಲ್ಲದ ಕೆಳಹಂತದ ತರಗತಿಗಳಲ್ಲಿ ವರ್ಷಗಟ್ಟಲೆ ಕೂರಿಸುವುದು ನಿಂತಿದೆ. 2022ರ ಎಬಿ 1705 ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಬೇರೆ ದೇಶದಲ್ಲಿ ಓದಿದವರಿಗೆ ಹೆಚ್ಚಿನ ಕಾಲೇಜುಗಳಲ್ಲಿ ಸ್ವಯಂ ಮಾರ್ಗದರ್ಶಿ ಪ್ರಶ್ನಾವಳಿ ಇರುತ್ತದೆ. ಅದರಲ್ಲಿ ಪಿಯುಸಿಯ ಗಣಿತವನ್ನು ಅಳುಕಿಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳಿ. ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ಹಿಂಜರಿದು, ಅಗತ್ಯವಿಲ್ಲದಿದ್ದರೂ ತಾವಾಗಿಯೇ ಕೆಳಹಂತದ ಭಾಷಾ ತರಗತಿಯನ್ನು ಆರಿಸಿಕೊಂಡ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬರವಣಿಗೆಯ ಮೊದಲ ಕೋರ್ಸಿನ ಜೊತೆಗೇ ನೆರವಿನ ತರಗತಿಯೂ ಇರುತ್ತದೆ, ಅದನ್ನು ತೆಗೆದುಕೊಂಡು ನೇರ ದಾರಿಯಲ್ಲೇ ನಡೆಯಬಹುದು.

ಕ್ಲಿಯರೆನ್ಸ್ ಅರ್ಜಿ ತಿರಸ್ಕೃತವಾದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ಪೂರ್ವಾರ್ಹತೆಯನ್ನು ಪ್ರಶ್ನಿಸುವ ಹಕ್ಕನ್ನು ರಾಜ್ಯದ ನಿಯಮಾವಳಿ ವಿದ್ಯಾರ್ಥಿಗೆ ಕೊಟ್ಟಿದೆ; ಅದಕ್ಕೆ ಪ್ರೀರಿಕ್ವಿಸಿಟ್ ಚಾಲೆಂಜ್ ಎಂಬ ಪ್ರತ್ಯೇಕ ನಮೂನೆಯಿದೆ. ಆ ಕೋರ್ಸಿನಲ್ಲಿ ಯಶಸ್ವಿಯಾಗುವಷ್ಟು ಜ್ಞಾನ ಅಥವಾ ಸಾಮರ್ಥ್ಯ ಬೇರೆ ದಾರಿಯಿಂದ ನನಗಿದೆ ಎಂಬುದು ಒಂದು ಆಧಾರ. ಪೂರ್ವಾರ್ಹತೆಯ ಕೋರ್ಸನ್ನು ಕಾಲೇಜು ಸಕಾಲದಲ್ಲಿ ನಡೆಸದಿರುವುದರಿಂದ ನನ್ನ ಓದು ಅನಗತ್ಯವಾಗಿ ತಡವಾಗುತ್ತಿದೆ ಎಂಬುದು ಇನ್ನೊಂದು. ಅರ್ಜಿ ಕೊಡುವಾಗ ತರಗತಿಯಲ್ಲಿ ಸೀಟು ಉಳಿದಿದ್ದರೆ, ಕಾಲೇಜು ಅದನ್ನು ನಿಮಗಾಗಿ ಕಾಯ್ದಿರಿಸಿ ಐದು ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕು. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ವರ್ಷಗಟ್ಟಲೆ ಕೆಲಸ ಮಾಡಿ ಬಂದವರಿಗೆ ಪ್ರೋಗ್ರಾಮಿಂಗ್ ಅಥವಾ ಅಕೌಂಟಿಂಗ್ ಕೋರ್ಸುಗಳಲ್ಲಿ ಈ ದಾರಿ ಉಪಯೋಗಕ್ಕೆ ಬರುತ್ತದೆ. ಕೆಲಸದ ಪತ್ರ, ಮಾಡಿದ ಕೆಲಸದ ಮಾದರಿ, ಪ್ರಮಾಣಪತ್ರ ಎಲ್ಲವನ್ನೂ ಲಗತ್ತಿಸಿ, ಪೂರ್ವಾರ್ಹತೆಯ ಕೋರ್ಸಿನ ವಿಷಯಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ವಿಷಯಕ್ಕೂ ನಿಮ್ಮ ಉತ್ತರ ಬರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೂ, ಕ್ಲಿಯರೆನ್ಸ್ ಸಿಗುತ್ತದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಹಾರಿಸಿಕೊಂಡು ಹೋಗಬೇಡಿ ಎಂದೂ ಹೇಳಬೇಕು. ಕ್ಯಾಲ್ಕುಲಸ್ ಮುಟ್ಟಿ ಹನ್ನೆರಡು ವರ್ಷವಾದವರು ಅದರ ಎರಡನೆಯ ಭಾಗವನ್ನಾದರೂ ಮತ್ತೊಮ್ಮೆ ಕುಳಿತು ಓದುವುದು ಲೇಸು.

ಯಾರಿಗೆ ಯಾವ ಸರಪಳಿ

ಈಗಾಗಲೇ ಪದವಿ ಇರುವವರಿಗೆ ಇಲ್ಲಿಯ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿ ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್. ಮಾಡಬಯಸುವವರು, ಆ ವಿಶ್ವವಿದ್ಯಾಲಯ ಕೇಳುವ ಅಡಿಪಾಯದ ಕೋರ್ಸುಗಳನ್ನಷ್ಟೇ ಇಲ್ಲಿ ಮುಗಿಸಿದರೆ ಸಾಕು: ಕ್ಯಾಲ್ಕುಲಸ್, ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್, ಪ್ರೋಗ್ರಾಮಿಂಗ್, ಅದರ ಮೇಲೆ ಡೇಟಾ ಸ್ಟ್ರಕ್ಚರ್ಸ್. ಪ್ರೋಗ್ರಾಮಿಂಗಿನ ಮೊದಲ ಕೋರ್ಸಿನಿಂದ ಡೇಟಾ ಸ್ಟ್ರಕ್ಚರ್ಸ್‌ವರೆಗೆ ಮೂರು ಕೊಂಡಿಗಳಿರುವುದು ಸಾಮಾನ್ಯ, ಆದ್ದರಿಂದ ಕ್ವಾರ್ಟರ್ ಪದ್ಧತಿಯಲ್ಲೂ ಒಂದು ಪೂರ್ತಿ ವರ್ಷ ಹಿಡಿಯುತ್ತದೆ.

ಮಕ್ಕಳೊಂದಿಗೆ ಕೆಲಸ ಮಾಡಲು ಇಷ್ಟವಿರುವವರು ಶಿಶು ಶಿಕ್ಷಣದ ಕೋರ್ಸುಗಳನ್ನು ನೋಡಬೇಕು. ಪರವಾನಗಿ ಪಡೆದ ಶಿಶುಕೇಂದ್ರದಲ್ಲಿ ಶಿಕ್ಷಕಿಯಾಗಲು ಈ ವಿಷಯದಲ್ಲಿ 12 ಸೆಮಿಸ್ಟರ್ ಯೂನಿಟ್, ಅಂದರೆ 18 ಕ್ವಾರ್ಟರ್ ಯೂನಿಟ್ ಬೇಕು. ಸರಪಳಿ ಚಿಕ್ಕದು, ಮಗುವಿನ ಬೆಳವಣಿಗೆಯ ಕೋರ್ಸಿನಿಂದ ಆರಂಭಿಸುವುದು ರೂಢಿ. ಶಿಶುಕೇಂದ್ರಕ್ಕೇ ಹೋಗಿ ಮಾಡುವ ಪ್ರಾಯೋಗಿಕ ಕೋರ್ಸಿಗೆ ಮಾತ್ರ ದಡಾರ, ನಾಯಿಕೆಮ್ಮಿನ ಲಸಿಕೆಯ ದಾಖಲೆ ಮತ್ತು ಕ್ಷಯರೋಗದ ತಪಾಸಣೆ ಕೇಳುತ್ತಾರೆ, ಬಾಲ್ಯದ ಲಸಿಕೆಯ ಕಾರ್ಡು ಊರಿನಲ್ಲೇ ಉಳಿದವರಿಗೆ ಇದಕ್ಕೇ ಒಂದು ತಿಂಗಳು ಬೇಕಾಗಬಹುದು. ಎಚ್-4ನಲ್ಲಿ ಓದಲು ಬೇರೆ ಅನುಮತಿ ಬೇಡ, ಸಂಬಳದ ಕೆಲಸಕ್ಕೆ ಮಾತ್ರ ಇಎಡಿ ಎಂಬ ಉದ್ಯೋಗ ಅನುಮತಿ ಪತ್ರ ಬೇಕೇ ಬೇಕು ಎಂಬುದನ್ನು ಮರೆಯಬಾರದು.

ನರ್ಸಿಂಗ್ ಸರಪಳಿ ಎಲ್ಲಕ್ಕಿಂತ ಕಠಿಣ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಈ ಮೂರೂ ಪ್ರಯೋಗಾಲಯದೊಂದಿಗೆ ಮುಗಿದ ಮೇಲೆಯೇ ಕಾರ್ಯಕ್ರಮಕ್ಕೆ ಅರ್ಜಿ. ಅವುಗಳಿಗೂ ಹಿಂದೆ ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರದ ಕೋರ್ಸುಗಳಿರುತ್ತವೆ. ಇಲ್ಲಿ ಸಿ ಬಂದರೆ ಬಾಗಿಲು ತೆರೆಯುತ್ತದೆ, ಆದರೆ ಸ್ಪರ್ಧೆಯಲ್ಲಿ ನಿಲ್ಲಲು ಅದು ಸಾಲದು.

ಯುಸಿಗೆ ವರ್ಗವಾಗುವವರು 60 ಸೆಮಿಸ್ಟರ್ ಅಥವಾ 90 ಕ್ವಾರ್ಟರ್ ಯೂನಿಟ್ ಮುಗಿಸಬೇಕು. ಪದವಿ ಶಿಕ್ಷಣ ನೀಡುವ ಒಂಬತ್ತು ಕ್ಯಾಂಪಸ್‌ಗಳ ಪೈಕಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಟ್ಯಾಗ್ ಎಂಬ ಖಚಿತ ಪ್ರವೇಶದ ಒಪ್ಪಂದ ಮಾಡಿಕೊಳ್ಳುತ್ತವೆ. ಅದಕ್ಕೆ ಅರ್ಜಿ ಸೆಪ್ಟೆಂಬರ್ ತಿಂಗಳಿನಲ್ಲಿ ಮಾತ್ರ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ, ಮತ್ತು ಆ ಆರರಲ್ಲೂ ಕೆಲವು ಮೇಜರುಗಳಿಗೆ ಈ ಸೌಲಭ್ಯವಿಲ್ಲ. ಕ್ಯಾಲ್ಕುಲಸ್‌ನಂಥ ಸರಣಿ ಕೋರ್ಸುಗಳನ್ನು ಒಂದೇ ಕಾಲೇಜಿನಲ್ಲಿ ಆರಂಭಿಸಿ ಅಲ್ಲೇ ಮುಗಿಸಿ. ಡಿ ಆಂಜಾದಲ್ಲಿ ನಾಲ್ಕು ಕ್ವಾರ್ಟರಿಗೆ ಹರಡಿದ ಪಾಠ ಮಿಷನ್‌ನಲ್ಲಿ ಮೂರು ಸೆಮಿಸ್ಟರಿಗೆ ಹರಡಿರುತ್ತದೆ. ಅಲ್ಲೊಂದು ಇಲ್ಲೊಂದು ಓದಿದರೆ ನಡುವೆ ಕೆಲವು ಅಧ್ಯಾಯಗಳು ಬಿಟ್ಟುಹೋಗುತ್ತವೆ, ಅಸಿಸ್ಟ್ ಪಟ್ಟಿಯಲ್ಲೂ ಅದು ಅರ್ಧ ಸರಣಿಯಾಗಿ ಉಳಿಯುತ್ತದೆ.

ವೀಸಾ ಮತ್ತು ನಿವಾಸ

ನಿವಾಸಿ ಶುಲ್ಕ ಸಿಗಬೇಕಾದರೆ ಅವಧಿ ಆರಂಭವಾಗುವ ಹಿಂದಿನ ದಿನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ವಾಸವಾಗಿರಬೇಕು ಮತ್ತು ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ಇರಬೇಕು: ಚಾಲನಾ ಪರವಾನಗಿ, ರಾಜ್ಯದ ತೆರಿಗೆ ಪತ್ರ, ಬಾಡಿಗೆ ಕರಾರು. ಎಚ್-1ಬಿ, ಎಚ್-4ನವರು ನಿವಾಸಿಗಳಾಗಬಹುದು. ವಿದ್ಯಾರ್ಥಿ ವೀಸಾವಾದ ಎಫ್-1ನವರು ಆಗಲಾರರು, ಅವರ ಶುಲ್ಕ ಹಲವು ಪಟ್ಟು ಹೆಚ್ಚು. ಮೊದಲ ವರ್ಷ ಕಾಯುತ್ತಿರುವ ಎಚ್-4 ಗೃಹಿಣಿಯರಿಗೆ ನನ್ನ ಸಲಹೆ ಏನೆಂದರೆ, ಆ ವರ್ಷವನ್ನು ಮೌಲ್ಯಮಾಪನ ವರದಿ ಮತ್ತು ಕ್ಲಿಯರೆನ್ಸಿಗೆ ಬಳಸಿಕೊಳ್ಳಿ, ಎರಡನೆಯ ವರ್ಷದ ಮೊದಲ ದಿನವೇ ಬೇಕಾದ ಕೋರ್ಸಿಗೆ ಕೂರಬಹುದು.

ತಂದೆತಾಯಿಯ ಎಚ್-1ಬಿ ಮೇಲೆ ಅವಲಂಬಿತರಾದ ಮಕ್ಕಳಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ. ಆಗ ಎಫ್-1ಗೆ ಬದಲಾದರೆ ಪ್ರತಿ ಅವಧಿಯಲ್ಲೂ ಕನಿಷ್ಠ 12 ಯೂನಿಟ್ ಓದಬೇಕು, ಮತ್ತು ಆ ಲೆಕ್ಕಕ್ಕೆ ಆನ್‌ಲೈನ್ ಕೋರ್ಸ್ ಒಂದೇ ಒಂದು ಸಲ್ಲುತ್ತದೆ. ಪೂರ್ವಾರ್ಹತೆಗಾಗಿ ಒಂದು ಅವಧಿ ಸುಮ್ಮನೆ ಕಾಯುವ ಸೌಲಭ್ಯ ಅವರಿಗಿಲ್ಲ. ಆದ್ದರಿಂದ ಅಂಥ ಮಕ್ಕಳ ಹಾಳೆಯಲ್ಲಿ ಮುಖ್ಯ ಸರಪಳಿ ಎಲ್ಲಾದರೂ ಸಿಲುಕಿಕೊಂಡರೆ ಆ ಅವಧಿಯಲ್ಲಿ ತುಂಬಲು ಬೇಕಾದ ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ಮೊದಲೇ ಮುಗಿಸಿಬಿಡದೆ ಎರಡು ಮೂರನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು.

ನೋಂದಣಿಯ ದಿನ ಮತ್ತು ಅದರ ನಂತರ

ಕಾಲೇಜು ಸೇರುವ ಅರ್ಜಿಯನ್ನು ಸಿಸಿಸಿ ಅಪ್ಲೈ ಎಂಬ ಜಾಲತಾಣದ ಮೂಲಕ ಉಚಿತವಾಗಿ ಹಾಕಬಹುದು. ನೋಂದಣಿಯ ದಿನಾಂಕಕ್ಕೆ ಎರಡು ತಿಂಗಳು ಮೊದಲೇ ಕ್ಲಿಯರೆನ್ಸ್ ಅರ್ಜಿ ಒಳಗಿರಲಿ. ಪೂರ್ವಾರ್ಹತೆಯ ಕೋರ್ಸನ್ನು ಅದೇ ಕಾಲೇಜಿನಲ್ಲಿ ಈಗ ಓದುತ್ತಿರುವವರಿಗೆ ಮುಂದಿನ ಕೋರ್ಸಿಗೆ ಸೇರಲು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಗ್ರೇಡು ಸಿ ಮುಟ್ಟದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಬೇರೆ ಕಾಲೇಜಿನಲ್ಲಿ ಓದುತ್ತಿರುವವರು ಅಲ್ಲಿಯ ಗ್ರೇಡ್ ಬಂದ ದಿನವೇ ಟ್ರಾನ್ಸ್‌ಕ್ರಿಪ್ಟ್ ಕಳುಹಿಸಬೇಕು. ಸೀಟು ಇಲ್ಲದಿದ್ದರೆ ವೇಯ್ಟ್‌ಲಿಸ್ಟಿನಲ್ಲಿ ಹೆಸರು ಬರೆಸಿ, ಮೊದಲ ದಿನ ತಪ್ಪದೆ ತರಗತಿಗೆ ಹೋಗಿ. ಬರದವರ ಜಾಗ ಖಾಲಿಯಾದಾಗ ಅಧ್ಯಾಪಕರು ಎದುರಿಗೆ ಕುಳಿತವರಿಗೆ ಆಡ್ ಕೋಡ್, ಅಂದರೆ ತರಗತಿಗೆ ಸೇರಿಕೊಳ್ಳುವ ಸಂಕೇತಸಂಖ್ಯೆ, ಕೊಡುತ್ತಾರೆ.

ತರಗತಿ ಆರಂಭವಾದ ಮೇಲೆ, ಕೈಗೆ ಬಂದ ಕೋರ್ಸಿನ ಸಿಲಬಸ್ಸನ್ನು ಮೊದಲ ವಾರವೇ ಪಿಡಿಎಫ್ ಆಗಿ ಉಳಿಸಿ, ಕಾಲೇಜು, ಅವಧಿ, ವರ್ಷ ಮೂರನ್ನೂ ಹೆಸರಿನಲ್ಲಿ ಸೇರಿಸಿ ಒಂದೇ ಕಡೆ ಇಡಿ. ಅವಧಿ ಮುಗಿದ ಮೇಲೆ ಕೋರ್ಸಿನ ಪುಟ ವಿದ್ಯಾರ್ಥಿಗೆ ತೆರೆಯದಿರಬಹುದು. ಮುಂದೆ ಸೇರುವ ವಿಶ್ವವಿದ್ಯಾಲಯವೂ ಒಂದು ದಿನ, ಆ ಕೋರ್ಸಿನಲ್ಲಿ ಏನೇನು ಪಾಠ ಮಾಡಿದ್ದರು ಎಂದು ಕೇಳಬಹುದು, ಆಗ ಯಾರೂ ನಿಮಗಾಗಿ ನಾಲ್ಕು ದಿನ ಓಡಾಡಬೇಕಾಗುವುದಿಲ್ಲ.